ಪದವೀಧರರ ಮತಗಳೇ ಕುಲಗೆಡುವುದೇಕೆ?

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಓದಿದವರ ಮತಗಳೂ ತಿರಸ್ಕೃತವಾಗುವುದೇಕೆ ಎಂದು ಕೇಳಿದ್ದೀರಿ. ಓದಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಇವಿಎಂ ಇಲ್ಲ, ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ನಮ್ಮ ಆಯ್ಕೆಯ ಕ್ರಮವನ್ನು, ಅಂದರೆ ಪ್ರಾಶಸ್ತ್ಯವನ್ನು, 1, 2, 3 ಎಂದು ಅಂಕಿಯಲ್ಲಿ ಬರೆಯಬೇಕು. ನಮ್ಮ ಕೈಗೆ ಆ ರೂಢಿಯಿಲ್ಲ.

ಮುಖ್ಯವಾದದ್ದು 1. ಅದು ಒಬ್ಬ ಅಭ್ಯರ್ಥಿಯ ಮುಂದೆ ಮಾತ್ರ ಇರಬೇಕು. 1 ಬರೆಯದೆ 2, 3 ಬರೆದರೆ ಮತ ಹೋಯಿತು. ಟಿಕ್ ಹಾಕಿದರೂ, ‘ಒಂದು’ ಎಂದು ಅಕ್ಷರದಲ್ಲಿ ಬರೆದರೂ ಅಷ್ಟೇ. ಆದರೆ ಕನ್ನಡದ ೧ ಬರೆಯಬಹುದು, ಅದು ಸಿಂಧು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ!

ಇನ್ನೊಂದು, ಪೆನ್ನು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಅಭ್ಯಾಸಬಲದಿಂದ ಜೇಬಿನ ಬಾಲ್‌ಪೆನ್ ತೆಗೆದರೆ, ಕೆಳಗೊಂದು ಸಹಿ ಹಾಕಿದರೆ ಮತ ಅಸಿಂಧು. ಸಹಿಯಿಂದ ಮತದಾರ ಯಾರೆಂದು ತಿಳಿದುಬಿಡುತ್ತದೆ, ಗೋಪ್ಯತೆ ಉಳಿಯುವುದಿಲ್ಲ.

ಎಣಿಕೆಯಲ್ಲಿ ಮೊದಲು ಅಸಿಂಧು ಮತಗಳನ್ನು ಬೇರ್ಪಡಿಸುತ್ತಾರೆ. ಉಳಿದದ್ದರ ಅರ್ಧಕ್ಕೆ ಒಂದು ಸೇರಿಸಿದರೆ ಗೆಲುವಿನ ಕೋಟಾ. ಸಿಂಧು ಮತ 60,000 ಇದ್ದರೆ 30,001 ಬೇಕು. ಯಾರಿಗೂ ಅಷ್ಟು ಬರದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚುತ್ತಾರೆ. ಹೀಗೆ ಸುತ್ತಿನ ಮೇಲೆ ಸುತ್ತು. ಅದಕ್ಕೇ ಫಲಿತಾಂಶ ತಡರಾತ್ರಿಯಾದರೂ ಬರುವುದಿಲ್ಲ.

2, 3 ಬರೆಯುವುದು ಕಡ್ಡಾಯವಲ್ಲ. ಆದರೂ ಬರೆಯಿರಿ ಎಂದೇ ನನ್ನ ಮನವಿ. ನಿಮ್ಮ ಮೊದಲ ಆಯ್ಕೆಯ ಅಭ್ಯರ್ಥಿ ಕಣದಿಂದ ಹೊರಬಿದ್ದರೆ, ಬರೀ 1 ಇರುವ ಮತಪತ್ರ ಅಲ್ಲಿಗೇ ನಿಲ್ಲುತ್ತದೆ. ಎರಡನೆಯ ಪ್ರಾಶಸ್ತ್ಯ ಇದ್ದರೆ ಅದು ಮುಂದಿನ ಸುತ್ತಿನಲ್ಲೂ ಲೆಕ್ಕಕ್ಕೆ ಬರುತ್ತದೆ.