‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಬಾಯಿ ಬಿಡಿಸುವುದು ಹೇಗೆ?

ಬಿ.ಎಸ್ಸಿ. ಮೊದಲ ವರ್ಷದ 60 ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೀರಿ, ಮುಂದಿನ ಎರಡು ಬೆಂಚು ಬಿಟ್ಟರೆ ಉಳಿದವರದು ಮೌನವ್ರತ, ಆನ್‌ಲೈನ್‌ನಲ್ಲಂತೂ ಕ್ಯಾಮೆರಾನೇ ಆಫ್, ಯಾವ ಆ್ಯಪ್ ಬಳಸಲಿ ಎಂದು ಕೇಳಿದ್ದೀರಿ. ಆ್ಯಪ್ ಆಮೇಲೆ. ಮೊದಲು ‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಡಿ. ‘ಹೂಂ’ ಅಲ್ಲದೆ ಅದಕ್ಕೆ ಬೇರೇನು ಉತ್ತರ ಬಂದೀತು?

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಶುರುಮಾಡಿದ ‘ಪೀರ್ ಇನ್‌ಸ್ಟ್ರಕ್ಷನ್’ (ಸಹಪಾಠಿಗಳೇ ಚರ್ಚಿಸಿ ಒಬ್ಬರಿಂದೊಬ್ಬರು ಕಲಿಯುವ ವಿಧಾನ) ನಿಮ್ಮ ತರಗತಿಗೆ ಸರಿಹೊಂದುತ್ತದೆ. ಇದರ ಜೀವ ಇರುವುದು ಪ್ರಶ್ನೆಯಲ್ಲಿ. ಉದಾಹರಣೆಗೆ: ಲಾರಿಯೊಂದು ಸ್ಕೂಟರಿಗೆ ಡಿಕ್ಕಿ ಹೊಡೆಯಿತು. ಯಾವುದರ ಮೇಲೆ ಬಿದ್ದ ಬಲ ಹೆಚ್ಚು? ಎ) ಸ್ಕೂಟರ್, ಬಿ) ಲಾರಿ, ಸಿ) ಎರಡರ ಮೇಲೂ ಸಮ, ಡಿ) ಅದು ವೇಗವನ್ನು ಅವಲಂಬಿಸಿದೆ. ನ್ಯೂಟನ್ನನ ಮೂರನೇ ನಿಯಮವನ್ನು ಗಿಳಿಪಾಠದಂತೆ ಒಪ್ಪಿಸುವವರೂ ಇಲ್ಲಿ ‘ಎ’ ಅನ್ನುತ್ತಾರೆ. ನಜ್ಜುಗುಜ್ಜಾದದ್ದು ಸ್ಕೂಟರ್ ತಾನೇ! ಬಲ ಸಮವೇ, ದ್ರವ್ಯರಾಶಿ ಕಡಿಮೆ ಇರುವುದರಿಂದ ಸ್ಕೂಟರಿನ ವೇಗ ಒಮ್ಮೆಲೇ ಬದಲಾಗುತ್ತದೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ವ್ಯಾಖ್ಯೆ, ಸೂತ್ರ ಕೇಳುವ ಪ್ರಶ್ನೆ ಬೇಡ. ಅದರಲ್ಲಿ ಜಗಳವಾಡಲು ಏನೂ ಇರುವುದಿಲ್ಲ.

ಪ್ರಶ್ನೆ ಹಾಕಿ ಒಂದೆರಡು ನಿಮಿಷ ಯಾರೂ ಮಾತಾಡದೆ ಯೋಚಿಸಲಿ, ಉತ್ತರ ಕೊಡಲಿ. ಸರಿ ಉತ್ತರ ಶೇ. 30ಕ್ಕಿಂತ ಕಡಿಮೆ ಬಂದರೆ ವಿಷಯವೇ ತಲೆಗೆ ಹೋಗಿಲ್ಲ, ಮತ್ತೆ ಹೇಳಿಕೊಡಿ. ಶೇ. 70 ದಾಟಿದರೆ ಎರಡು ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. ನಡುವೆ ಬಂದರೆ ಹಬ್ಬ: ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲು ಮೂರು ನಿಮಿಷ ಬಿಡಿ, ಆಮೇಲೆ ಮತ್ತೊಮ್ಮೆ ಉತ್ತರ ತೆಗೆದುಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಸುತ್ತಿನ ಲೆಕ್ಕವನ್ನು ಪರದೆಯ ಮೇಲೆ ತೋರಿಸಿಬಿಡುತ್ತಾರೆ. ‘ಎ’ಗೆ 40 ಮತ ಕಂಡ ಮೇಲೆ ಚರ್ಚೆ ಎಲ್ಲಿಯದು? ಎಲ್ಲರೂ ಗುಂಪಿನ ಕಡೆ ವಾಲುತ್ತಾರೆ. ಎರಡನೇ ಸುತ್ತು ಮುಗಿಯುವವರೆಗೂ ಲೆಕ್ಕ ನಿಮ್ಮಲ್ಲೇ ಇರಲಿ.

ಈಗ ಸಾಧನ. ತರಗತಿಯಲ್ಲಿ ಮೊಬೈಲ್ ನಿಷೇಧವಿದ್ದರೆ ಪ್ಲಿಕರ್ಸ್ ನೋಡಿ, ಮಕ್ಕಳು ಎತ್ತಿ ಹಿಡಿದ ಕಾರ್ಡುಗಳನ್ನು ಫೋನ್ ಕ್ಯಾಮೆರಾದಲ್ಲಿ ಓದಿ ಉತ್ತರ ಎಣಿಸುವ ಆ್ಯಪ್ ಅದು. ಫೋನ್ ಬೇಕಾದ್ದು ನಿಮಗೊಬ್ಬರಿಗೆ. ಮಕ್ಕಳ ಕೈಯಲ್ಲಿ ಪ್ರಿಂಟ್ ತೆಗೆದ ಕಾರ್ಡು. ಯಾವ ಅಕ್ಷರದ ಬದಿ ಮೇಲಿದೆಯೋ ಅದೇ ಉತ್ತರ. ಒಬ್ಬೊಬ್ಬರ ಕಾರ್ಡಿನ ಚಿತ್ತಾರ ಒಂದೊಂದು ಬಗೆ, ಹಾಗಾಗಿ ಪಕ್ಕದವರದು ನೋಡಿ ಹಿಡಿಯುವುದು ಸುಲಭವಲ್ಲ. ದೊಡ್ಡ ಸೆಟ್‌ನಲ್ಲಿ 63 ಕಾರ್ಡು ಇರುವುದರಿಂದ ನಿಮಗೆ ಸಾಕು. ಕಾರ್ಡಿನ ನಂಬರನ್ನು ಹಾಜರಿ ನಂಬರಿಗೆ ಹೊಂದಿಸಿ. ಹೊಳೆಯುವ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಟ್ಯೂಬ್‌ಲೈಟ್ ಬಿದ್ದರೆ ಕ್ಯಾಮೆರಾ ಓದುವುದಿಲ್ಲ. ಕಪ್ಪು ಚಿತ್ತಾರದ ಮೇಲೆ ಬೆರಳು ಬಂದರೂ ಅಷ್ಟೇ.

ಆನ್‌ಲೈನ್‌ಗೆ ಚಾಟ್ ಸಾಕು. ಅಕ್ಷರ ಟೈಪ್ ಮಾಡಿಟ್ಟುಕೊಳ್ಳಲಿ, ನೀವು ಮೂರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ಕಳಿಸಲಿ. ಇಲ್ಲದಿದ್ದರೆ ಮೊದಲು ಬಂದ ಉತ್ತರವನ್ನೇ ಉಳಿದವರು ನಕಲು ಮಾಡುತ್ತಾರೆ. ಹೀಗೆ ಲೆಕ್ಕ ಎಲ್ಲರಿಗೂ ಕಾಣುತ್ತದೆ ನಿಜ. ಆದ್ದರಿಂದ ಪೋಲ್ (ಮತ ಹಾಕಿಸುವ) ಸೌಲಭ್ಯವಿದ್ದರೆ ಫಲಿತಾಂಶ ಮುಚ್ಚಿಟ್ಟು ಅದನ್ನೇ ಬಳಸಿ. ಚರ್ಚೆಗೆ ಬ್ರೇಕ್‌ಔಟ್ ರೂಮಿನಲ್ಲಿ (ಆನ್‌ಲೈನ್ ತರಗತಿಯನ್ನು ಸಣ್ಣ ಗುಂಪುಗಳಾಗಿ ಬೇರ್ಪಡಿಸುವ ಕೋಣೆಯಲ್ಲಿ) ನಾಲ್ಕೇ ಜನ, ಪ್ರತಿವಾರವೂ ಅದೇ ನಾಲ್ವರು. ಗುರುತಿಲ್ಲದವರ ಮುಂದೆ ಮೈಕ್ ಆನ್ ಆಗುವುದು ಕಷ್ಟ.

ಒಂದು ಪ್ರಶ್ನೆಗೆ ಏಳೆಂಟು ನಿಮಿಷ ಹಿಡಿಯುತ್ತದೆ, ಗಂಟೆಗೆ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಅಂಕ ಕೊಡುವುದಾದರೆ ಉತ್ತರಿಸಿದ್ದಕ್ಕೆ ಕೊಡಿ, ಸರಿ ಉತ್ತರಕ್ಕಲ್ಲ. ಸರಿ ಉತ್ತರಕ್ಕೆ ಅಂಕ ಇಟ್ಟ ದಿನವೇ ಹಿಂದಿನ ಬೆಂಚಿನವರು ವಾದ ಬಿಟ್ಟು ಮೊದಲ ಬೆಂಚಿನ ಜಾಣರ ಕಾರ್ಡಿನತ್ತ ಕತ್ತು ಚಾಚುತ್ತಾರೆ.