ಲಿನಕ್ಸ್‌ನಲ್ಲಿ ವಿಪಿಎನ್ ಕನೆಕ್ಟ್ ಆಗುತ್ತೆ, ಆದರೆ ಸೈಟ್‌ಗಳು ತೆರೆಯುವುದಿಲ್ಲ. ಏನು ಮಾಡಬೇಕು?

ಮೊದಲು ತೊಂದರೆ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ವಿಪಿಎನ್ ಆನ್ ಇರುವಾಗಲೇ ಟರ್ಮಿನಲ್‌ನಲ್ಲಿ 1.1.1.1 ಎಂಬ ಸಾರ್ವಜನಿಕ ಸರ್ವರ್ ವಿಳಾಸಕ್ಕೆ ಪಿಂಗ್ ಮಾಡಿ (ಅದು ಉತ್ತರಿಸುತ್ತಾ ಅಂತ ನೋಡುವ ಕಮಾಂಡ್). ಅದಕ್ಕೆ ಉತ್ತರ ಬಂದು, ಸೈಟಿನ ಹೆಸರು ಕೊಟ್ಟಾಗ ಮಾತ್ರ ಬರದಿದ್ದರೆ ವಿಪಿಎನ್ ಸರಿಯಾಗಿದೆ. ಕೈಕೊಟ್ಟಿರುವುದು ಡಿಎನ್‌ಎಸ್, ಅಂದರೆ ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ.

ಓಪನ್‌ವಿಪಿಎನ್ ಎಂಬ ವಿಪಿಎನ್ ಸಾಫ್ಟ್‌ವೇರ್‌ನಲ್ಲಿ ಇದು ಜಾಸ್ತಿ. ಸರ್ವರ್ ತನ್ನ ಡಿಎನ್‌ಎಸ್ ವಿಳಾಸ ಕಳಿಸುತ್ತದೆ. ಆದರೆ 2.6 ಮತ್ತು ಅದಕ್ಕಿಂತ ಹಳೆಯ ಆವೃತ್ತಿಯನ್ನು ಟರ್ಮಿನಲ್‌ನಿಂದ ನೇರವಾಗಿ ಶುರು ಮಾಡಿದರೆ, ಬೇರೆ ಸ್ಕ್ರಿಪ್ಟ್ ಸೇರಿಸದೆ ಅದು ಜಾರಿಗೆ ಬರುವುದಿಲ್ಲ. ಆದ್ದರಿಂದ ವಿಪಿಎನ್‌ನ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಲಿನಕ್ಸ್‌ನ ನೆಟ್‌ವರ್ಕ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ಗೆ ಇಂಪೋರ್ಟ್ ಮಾಡುವುದೇ ಒಳ್ಳೆಯದು. ಅದರ ಓಪನ್‌ವಿಪಿಎನ್ ಪ್ಲಗಿನ್ ಇನ್‌ಸ್ಟಾಲ್ ಆಗಿರಬೇಕು, ಅಷ್ಟೇ.

ನಿಮ್ಮದು ವೈರ್‌ಗಾರ್ಡ್ ಎಂಬ ಇನ್ನೊಂದು ಬಗೆಯ ವಿಪಿಎನ್ ಆದರೆ ಕಾನ್ಫಿಗ್‌ನ ಇಂಟರ್‌ಫೇಸ್ ಭಾಗದಲ್ಲಿ ಡಿಎನ್‌ಎಸ್ ಸಾಲು ಇದೆಯಾ ನೋಡಿ. ಡಿಎನ್‌ಎಸ್ ಹೊಂದಿಸುವ ರಿಸಾಲ್ವ್‌ಕಾನ್ಫ್ ಕಮಾಂಡ್ ಸಿಗಲಿಲ್ಲ ಅಂತ ಎರರ್ ಬಂದರೆ ಓಪನ್‌ರಿಸಾಲ್ವ್ ಪ್ಯಾಕೇಜ್ ಹಾಕಿಕೊಳ್ಳಿ.

ಇಷ್ಟಾದರೂ ಆಗಲಿಲ್ವಾ? ಡಿಎನ್‌ಎಸ್ ನೋಡಿಕೊಳ್ಳಲು ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಸೇವೆ ಬಳಸುವ ಸಿಸ್ಟಮ್ ಆದರೆ 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಕಮಾಂಡ್ ಕೊಡಿ. ವಿಪಿಎನ್ ಇಂಟರ್‌ಫೇಸ್ (ವಿಪಿಎನ್‌ನ ವರ್ಚುವಲ್ ನೆಟ್‌ವರ್ಕ್ ಸಂಪರ್ಕ) ಹೆಸರಿನ ಕೆಳಗೆ ಡಿಎನ್‌ಎಸ್ ಸರ್ವರ್ ಕಾಣಬೇಕು, ಡೊಮೈನ್ ಸಾಲಿನಲ್ಲಿ '~.' ಇರಬೇಕು. ಈ ಪುಟ್ಟ ಗುರುತನ್ನು ಕಡೆಗಣಿಸಬೇಡಿ. ಅದಿಲ್ಲದಿದ್ದರೆ ನೀವು ತೆರೆಯುವ ಸೈಟ್‌ಗಳ ಹೆಸರು ವಿಪಿಎನ್ ಹೊರಗಿನ ಡಿಎನ್‌ಎಸ್‌ಗೂ ಹೋಗಬಹುದು. 'ರಿಸಾಲ್ವ್‌ಸಿಟಿಎಲ್ ಡೊಮೈನ್' ಕಮಾಂಡಿಗೆ ಇಂಟರ್‌ಫೇಸ್ ಹೆಸರು ಮತ್ತು '~.' ಕೊಟ್ಟರೆ ಸರಿಹೋಗುತ್ತದೆ.

ಡಿಎನ್‌ಎಸ್ ಸರ್ವರ್ ವಿಳಾಸಗಳಿರುವ, ಇಟಿಸಿ ಫೋಲ್ಡರಿನ ರಿಸಾಲ್ವ್ ಡಾಟ್ ಕಾನ್ಫ್ ಫೈಲನ್ನು ಮಾತ್ರ ಕೈಯಿಂದ ತಿದ್ದಬೇಡಿ. ನೆಟ್‌ವರ್ಕ್ ಬದಲಾದಾಗ ಅದು ಮತ್ತೆ ಹೊಸದಾಗಿ ಬರೆಯಲ್ಪಡುತ್ತದೆ, ಸುಮ್ನೆ ಶ್ರಮ ವ್ಯರ್ಥ.