ಉಕ್ಕಿನ ಕಾರ್ಖಾನೆ ಕಸದಿಂದ ಜೀನ್ಸ್ ತೊಳೆದ ನೀರು ಶುದ್ಧ ಆಗುತ್ತದಾ?

ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ನೀಲಿ ನೀರನ್ನು ತೋರಣಗಲ್ಲು ಕಡೆಯ ಉಕ್ಕಿನ ಕಸದಿಂದಲೇ ಶುದ್ಧ ಮಾಡಬಹುದಾ, ಆ ಕಸದ ಪುಡಿಯನ್ನು ಮತ್ತೆ ಮತ್ತೆ ಬಳಸಬಹುದಾ ಎಂದು ಕೇಳಿದ್ದೀರಿ. ನಾನು ಇದೇ ಊರಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಮಾಡಬಹುದು, ಆದರೆ ಯಾವ ಕಸ ಅನ್ನೋದು ಮುಖ್ಯ.

ಎಲ್ಲರ ಕಣ್ಣೂ ಮೊದಲು ಸ್ಲ್ಯಾಗ್ ಮೇಲೆ, ಅಂದರೆ ಲೋಹ ಕರಗಿಸುವಾಗ ಬೇರೆಯಾಗುವ ಕಿಟ್ಟದ ಮೇಲೆ ಬೀಳುತ್ತದೆ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ; ಕಡಿಮೆ ಇದ್ದಷ್ಟೂ ಹುಳಿ) ಏರಿಸಿಬಿಡುತ್ತದೆ. ನಮಗೆ ಬೇಕಾಗಿರುವುದು ಉಲ್ಟಾ, ಹುಳಿ ನೀರು. ಹಾಗಾಗಿ ನನ್ನ ಓಟು ಮಿಲ್ ಸ್ಕೇಲ್‌ಗೆ. ಕಾದ ಉಕ್ಕನ್ನು ರೋಲಿಂಗ್ ಮಾಡುವಾಗ ಕಪ್ಪು ಹಕ್ಕಳೆ ಉದುರುತ್ತದಲ್ಲ, ಅದು. ಬಹುಪಾಲು ಕಬ್ಬಿಣದ ಆಕ್ಸೈಡ್, ಅದರಲ್ಲಿ ಆಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಕೂಡ ಇರುತ್ತದೆ. ಕಸ ಅಂದ ಮಾತ್ರಕ್ಕೆ ಪುಕ್ಕಟೆ ಸಿಗುತ್ತದೆ ಅಂದುಕೊಳ್ಳಬೇಡಿ. ಉಕ್ಕಿನ ಕಾರ್ಖಾನೆಗಳೇ ಅದನ್ನು ಸಿಂಟರ್‌ಗೆ, ಅಂದರೆ ಅದಿರಿನ ಪುಡಿಯನ್ನು ಸುಟ್ಟು ಗಟ್ಟಿ ಮಾಡುವ ಘಟಕಕ್ಕೆ ವಾಪಸ್ ಹಾಕಿಕೊಳ್ಳುತ್ತವೆ.

ಹಕ್ಕಳೆಯ ಎಣ್ಣೆ ತೆಗೆದು, ನುಣ್ಣಗೆ ಅರೆದು, ಹೈಡ್ರೋಜನ್ ಪೆರಾಕ್ಸೈಡ್ ಜೊತೆ ನೀರಿಗೆ ಹಾಕಬೇಕು. ಕಬ್ಬಿಣ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ತುಂಬಾ ಚುರುಕಾದ ತುಣುಕು, ಬಣ್ಣದ ಅಣುವನ್ನು ಚಿಂದಿ ಮಾಡುತ್ತದೆ. ಇದರ ಮೂಲ 1894ರಲ್ಲಿ ಫೆಂಟನ್ ಎಂಬ ರಸಾಯನ ವಿಜ್ಞಾನಿ ಪ್ರಕಟಿಸಿದ ಕ್ರಿಯೆ. ಕರಗುವ ಕಬ್ಬಿಣದ ಉಪ್ಪು ಹಾಕಿದರೆ ಕೊನೆಗೆ ಕೆಂಪು ಕೆಸರು ಉಳಿದು ಅದೇ ಹೊಸ ತಲೆನೋವು. ಪುಡಿಯಾದರೆ ಆಯಸ್ಕಾಂತ ಹಿಡಿದು ಎತ್ತಿಕೊಳ್ಳಬಹುದು.

ಈಗ ನಿಮ್ಮ 'ಮತ್ತೆ ಮತ್ತೆ'. ಈ ಕ್ರಿಯೆ ಚೆನ್ನಾಗಿ ನಡೆಯುವುದು ಪಿಎಚ್ 3ರ ಆಸುಪಾಸಿನಲ್ಲಿ. ಅದಕ್ಕೆ ನೀರಿಗೆ ಆಸಿಡ್ ಹಾಕಬೇಕು. ಅಷ್ಟು ಹುಳಿಯಲ್ಲಿ ಪುಡಿಯ ಕಬ್ಬಿಣ ಪ್ರತಿ ಸಲ ಸ್ವಲ್ಪ ಕರಗುತ್ತದೆ. ಕೆಲಸ ಮಾಡುತ್ತಿರುವುದು ಪುಡಿಯೋ, ಕರಗಿದ ಕಬ್ಬಿಣವೋ? ಅರ್ಧದಲ್ಲೇ ಪುಡಿಯನ್ನು ಪೂರ್ತಿ ಸೋಸಿ ತೆಗೆದು ನೋಡಿ. ಆಮೇಲೂ ಬಣ್ಣ ಅದೇ ವೇಗದಲ್ಲಿ ಇಳಿಯುತ್ತಿದ್ದರೆ, ಕೆಲಸ ಕರಗಿದ ಕಬ್ಬಿಣದ್ದು; ಅಂದರೆ ಪುಡಿ ಬಳಸಿದಷ್ಟೂ ಸವೆಯುತ್ತಿದೆ ಅಂತ. ಯಾರಾದರೂ ಇಂಥ ಪುಡಿ ಮಾರಲು ಬಂದರೆ ನಾನು ಮೊದಲು ಕೇಳುವುದು ಈ ಪರೀಕ್ಷೆಯನ್ನೇ.

ಬಣ್ಣ ಹೋಯಿತು ಅಂದರೆ ನೀರು ಶುದ್ಧವಾಯಿತು ಅಂತಲ್ಲ. ಸಿಒಡಿ (ನೀರಲ್ಲಿ ಉಳಿದ ಕೊಳೆಯನ್ನು ಒಡೆಯಲು ಎಷ್ಟು ಆಕ್ಸಿಜನ್ ಬೇಕು ಅನ್ನೋ ಲೆಕ್ಕ) ಅಳೆಯಿರಿ. ನೀರಲ್ಲಿ ಕರಗಿದ ಉಪ್ಪು ಇದರಿಂದ ಹೋಗುವುದಿಲ್ಲ. ಹಾಕಿದ ಆಸಿಡ್ ತಟಸ್ಥ ಮಾಡುವಾಗ ಇನ್ನಷ್ಟು ಸೇರುತ್ತದೆ, ಅಲ್ವಾ? ಇನ್ನೊಂದು ವಿಷಯ, ಜೀನ್ಸಿನ ನೀಲಿ ಬಣ್ಣವಾದ ಇಂಡಿಗೋ ನೀರಲ್ಲಿ ಕರಗುವುದೇ ಇಲ್ಲ, ಕಣಗಳಾಗಿ ತೇಲುತ್ತದೆ. ಪಟಿಕ ಹಾಕಿ ಇಳಿಸಿದರೆ ಅದರ ದೊಡ್ಡ ಪಾಲು ತಳಕ್ಕೆ ಕೂರುತ್ತದೆ. ಅದಕ್ಕೆಲ್ಲ ಸುಮ್ನೆ ಪೆರಾಕ್ಸೈಡ್ ಸುರಿಯಬೇಡಿ. ಮೇಲೆ ಉಳಿದ ನೀರಿಗಷ್ಟೇ ಬಳಸಿ.

ಪೆರಾಕ್ಸೈಡ್ ಕ್ಯಾನ್ ತಗಡಿನ ಶೆಡ್ಡಲ್ಲಿ ಇಡಬೇಡಿ. ನಮ್ಮೂರ ಬೇಸಿಗೆಗೆ ಅದು ತನ್ನಷ್ಟಕ್ಕೇ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ, ಗ್ಯಾಸ್ ತುಂಬಿ ಕ್ಯಾನ್ ಉಬ್ಬುತ್ತದೆ.